32 ಹಲ್ಲಿನ ಬಾಯಲ್ಲಿ 46ನೇ ಹಲ್ಲು ಎಲ್ಲಿಂದ ಬಂತು?

ಹೋದ ತಿಂಗಳು ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಉಚಿತ ದಂತ ತಪಾಸಣೆ ಶಿಬಿರ ನಡೆಯಿತು. ವಿಜಯಪುರದಲ್ಲಿ ಕಣ್ಣಿನ ಶಿಬಿರ, ಸಕ್ಕರೆ ಕಾಯಿಲೆಯ ಶಿಬಿರ ಹೊಸದೇನಲ್ಲ. ಆದರೆ ಹಲ್ಲು ತೋರಿಸೋಕೆ ಇಷ್ಟು ಜನ ಬರ್ತಾರೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಸಂಜೆ ಹೊತ್ತಿಗೆ ಓಣಿಯ ಅರ್ಧ ಮನೆಗಳಲ್ಲಿ ಒಂದೊಂದು ಚೀಟಿ ಇತ್ತು. ನಮ್ಮ ಕಾಕಾನ ಚೀಟಿಯಲ್ಲಿ ಒಂದೇ ಸಾಲು: ‘46 – ಆರ್‌ಸಿಟಿ + ಪಿಎಫ್‌ಎಂ’.

ಕಾಕಾ ಕನ್ನಡಕ ಏರಿಸಿ ಎರಡು ಸಲ ಓದಿದರು. "ಬಾಯಾಗ ಇರೋವು ಮೂವತ್ತೆರಡು. ಅದರಾಗೂ ಎರಡು ಹೋಗ್ಯಾವ. ಈ ನಲವತ್ತಾರನೇದು ಎಲ್ಲಿಂದ ಬಂತೋ ತಮ್ಮಾ?"

ಇನ್ನೊಂದು ಪ್ರಶ್ನೆ ಓಣಿಯ ಎಲ್ಲರದೂ ಆಗಿತ್ತು. "ಇಷ್ಟೆಲ್ಲ ಯಾಕ್ರೀ? ಕಿತ್ತ ಒಗದ್ರ ಮುಗೀತಲ್ಲ."

ಈ ಎರಡು ಪ್ರಶ್ನೆ ಹಿಡಿದುಕೊಂಡು ನಮ್ಮ ಮನೆಯ ಮೂರು ತಲೆಮಾರಿನ ಬಾಯಿ ನೋಡಿರುವ ಡಾಕ್ಟರ ಹತ್ತಿರ ಹೋದೆ. ಸುಮಾರು 40 ವರ್ಷದಿಂದ ಇದೇ ಊರಲ್ಲಿ ಇದ್ದಾರೆ. ಬೋರ್ಡಿನ ಮೇಲೆ ‘ವಿಜಯಪುರ’ ಅಂತ ಬರೆಸಿದ್ದರೂ ಬಣ್ಣದ ಅಡಿಯಿಂದ ಹಳೆಯ ‘ಬಿಜಾಪುರ’ ಇನ್ನೂ ಇಣುಕುತ್ತದೆ. ಎರಡನೇ ಪ್ರಶ್ನೆ ಕೇಳಿ ಅವರು ನಕ್ಕರು. "ನಾ ಕ್ಲಿನಿಕ್ ತೆಗದಾಗ ಬಂದವ್ರು ಎಲ್ಲಾರೂ ಇದನ್ನ ಅಂತಿದ್ರು. ಆಗ ನಾನೂ ಕಿತ್ತೇ ಕಳಸ್ತಿದ್ದೆ. ಈಗ ನನ್ನ ಕೆಲಸ ಅಂದ್ರ ಕೀಳೂದನ್ನ ತಪ್ಪಿಸೂದು."

ಹಲ್ಲಿನ ವೈದ್ಯ ಬದಲಾದದ್ದು ಹೇಗೆ ಅನ್ನೋದು ಈ ಮಾತಿನಲ್ಲೇ ಇದೆ. ಒಂದೊಂದಾಗಿ ಬಿಡಿಸೋಣ.

ಮೊದಲು ಆ 46

46 ಅಂದರೆ ನಲವತ್ತಾರನೇ ಹಲ್ಲಲ್ಲ. ನಾಲ್ಕು, ಆರು ಅಂತ ಬಿಡಿಬಿಡಿಯಾಗಿ ಓದಬೇಕು. ಇದು ಮನೆ ವಿಳಾಸ ಇದ್ದಂತೆ. ಮೊದಲ ಅಂಕಿ ಓಣಿ, ಎರಡನೆಯದು ಮನೆ.

ಬಾಯಿಯಲ್ಲಿ ನಾಲ್ಕು ಓಣಿ. ಮೇಲೆ ಬಲಕ್ಕೆ 1, ಮೇಲೆ ಎಡಕ್ಕೆ 2, ಕೆಳಗೆ ಎಡಕ್ಕೆ 3, ಕೆಳಗೆ ಬಲಕ್ಕೆ 4. ಎಡ ಬಲ ಅಂದರೆ ರೋಗಿಯ ಎಡ ಬಲ, ಎದುರು ನಿಂತ ಡಾಕ್ಟರದ್ದಲ್ಲ. ಒಂದೊಂದು ಓಣಿಯಲ್ಲೂ ನಡುವಿನ ಹಲ್ಲಿನಿಂದ ಹಿಂದಕ್ಕೆ ಎಣಿಸುತ್ತ ಹೋದರೆ ಎಂಟು ಮನೆ. 1 ಮತ್ತು 2 ಮುಂದಿನ ಬಾಚಿಹಲ್ಲು, 3 ಕೋರೆಹಲ್ಲು, 4 ಮತ್ತು 5 ಸಣ್ಣ ದವಡೆ ಹಲ್ಲು, 6, 7, 8 ದೊಡ್ಡ ದವಡೆ ಹಲ್ಲು. ಮಕ್ಕಳ ಹಾಲುಹಲ್ಲಿಗೆ ಬೇರೆ ಓಣಿ, 5ರಿಂದ 8. ಅಲ್ಲಿ ಓಣಿಗೆ ಐದೇ ಮನೆ, ಒಟ್ಟು 20. ಹಾಗಾಗಿ ಮೊಮ್ಮಗನ ಚೀಟಿಯಲ್ಲಿ 75, 85 ಅಂತ ಕಂಡರೆ ಗಾಬರಿ ಬೇಡ.

ಕಾಕಾನ 46 ಅಂದರೆ ಕೆಳಗೆ ಬಲಕ್ಕೆ, ನಡುವಿನಿಂದ ಆರನೆಯದು. ಈ ‘ಆರು’ ಸ್ವಲ್ಪ ನತದೃಷ್ಟ ಹಲ್ಲು. ಇದು ಹುಟ್ಟೋದು ಆರು ವರ್ಷದ ಹೊತ್ತಿಗೆ. ಯಾವ ಹಾಲುಹಲ್ಲೂ ಬೀಳದೆ, ಎಲ್ಲಕ್ಕಿಂತ ಹಿಂದೆ ಸದ್ದಿಲ್ಲದೆ ಬಂದು ನಿಲ್ಲುತ್ತದೆ. ಅಪ್ಪ ಅವ್ವ ಇದನ್ನೂ ಹಾಲುಹಲ್ಲು ಅಂದುಕೊಳ್ತಾರೆ. "ಹೆಂಗೂ ಬೀಳ್ತದ ಬಿಡು" ಅಂತ ಬಿಟ್ಟುಬಿಡ್ತಾರೆ. ಅದು ಬೀಳೋ ಹಲ್ಲಲ್ಲ, ಜೀವನಪೂರ್ತಿ ರೊಟ್ಟಿ ಅಗಿಯಬೇಕಾದ ಹಲ್ಲು. ಶಿಬಿರದ ಚೀಟಿಗಳಲ್ಲಿ 36, 46 ಜಾಸ್ತಿ ಕಂಡದ್ದಕ್ಕೆ ಇದೂ ಒಂದು ಕಾರಣ.

ಹಲ್ಲು ಹುಳುಕೋದು ಹಗೇವಿನ ಹಾಗೆ

ಹಲ್ಲಿಗೆ ಮೂರು ಪದರ. ಹೊರಗಿನದು ಎನಾಮೆಲ್. ನಮ್ಮ ದೇಹದಲ್ಲಿ ಇದಕ್ಕಿಂತ ಗಟ್ಟಿ ವಸ್ತು ಇನ್ನೊಂದಿಲ್ಲ. ಆದರೆ ಇದರಲ್ಲಿ ಜೀವಕೋಶ ಇಲ್ಲ. ಮೂಳೆ ಮುರಿದರೆ ಕೂಡುತ್ತದೆ, ಚರ್ಮ ಹರಿದರೆ ಬೆಸೆಯುತ್ತದೆ, ಎನಾಮೆಲ್‌ನಲ್ಲಿ ತೂತು ಬಿದ್ದರೆ ಬಿತ್ತು. ಅದರ ಒಳಗಿನದು ಡೆಂಟಿನ್, ಸ್ವಲ್ಪ ಮೆತ್ತಗೆ, ಹಳದಿ ಛಾಯೆ. ನಟ್ಟನಡುವೆ ಪಲ್ಪ್, ಅಂದರೆ ರಕ್ತನಾಳ ಮತ್ತು ನರ ಇರುವ ಮೆದುವಾದ ತಿರುಳು. ನಮ್ಮ ಕಡೆ ‘ಹಲ್ಲಿನ ನರ’ ಅನ್ನೋದು ಇದಕ್ಕೇ.

ಜೋಳ ತುಂಬಿಡುವ ಹಗೇವು ನೋಡಿದ್ದರೆ ಹುಳುಕು ಅರ್ಥ ಆಗೋದು ಸುಲಭ. ಮೇಲೆ ಬಾಯಿ ಸಣ್ಣದು, ಒಬ್ಬ ಮನುಷ್ಯ ಇಳಿಯುವಷ್ಟು. ಒಳಗೆ ಇಳಿದರೆ ಒಂದು ಕೋಣೆಯಷ್ಟು ಜಾಗ. ಹುಳುಕೂ ಹಾಗೇ. ಗಟ್ಟಿಯಾದ ಎನಾಮೆಲ್‌ನಲ್ಲಿ ಸೂಜಿಮೊನೆಯಷ್ಟು ದಾರಿ ಮಾಡಿಕೊಳ್ಳುತ್ತದೆ. ಮೆತ್ತನೆಯ ಡೆಂಟಿನ್ ಸಿಕ್ಕ ಕೂಡಲೇ ಅಗಲಕ್ಕೆ ಹರಡುತ್ತದೆ. ಕನ್ನಡಿಯಲ್ಲಿ ನಮಗೆ ಕಾಣೋದು ಒಂದು ಕಪ್ಪು ಚುಕ್ಕಿ ಮಾತ್ರ. ಒಂದು ದಿನ ಕಟಕ ರೊಟ್ಟಿ ಕಡಿಯುವಾಗ ಮೇಲಿನ ಮುಚ್ಚಿಗೆ ಕುಸಿಯುತ್ತದೆ. "ನಿನ್ನೆ ತನಕ ಚಲೋ ಇತ್ತು, ಒಮ್ಮೆಲೆ ಮುರೀತು" ಅಂತೀವಿ. ಒಮ್ಮೆಲೆ ಏನೂ ಆಗಿರೋದಿಲ್ಲ.

ಹುಳ ಇಲ್ಲ, ಆಮ್ಲ ಇದೆ

‘ಹುಳುಕು’ ಅನ್ನುವ ಮಾತಿನಲ್ಲೇ ಹುಳ ಇದೆ, ಅಲ್ವಾ? ಹಲ್ಲನ್ನು ಹುಳ ತಿನ್ನುತ್ತದೆ ಅನ್ನೋ ನಂಬಿಕೆ ಜಗತ್ತಿನ ತುಂಬ ಸಾವಿರಾರು ವರ್ಷ ಇತ್ತು. ನಮ್ಮ ಸಂತೆಗಳಲ್ಲೂ ಹುಳ ತೆಗೆಯುವವರು ಬರ್ತಿದ್ದರು. ಕೆಂಡದ ಮೇಲೆ ಗುಳ್ಳದ ಬೀಜ ಹಾಕಿ, ಆ ಹೊಗೆಯನ್ನು ನಳಿಕೆಯಿಂದ ಬಾಯಿಗೆ ಬಿಡಿಸಿ, ಆಮೇಲೆ ಬಿಳಿ ಎಳೆಯಂಥದ್ದನ್ನು ತೋರಿಸಿ "ನೋಡ್ರಿ ಹುಳ" ಅನ್ನುತ್ತಿದ್ದರು. ಕಾವಿಗೆ ಬಿರಿದ ಬೀಜದ ಒಳಗಿನ ಮೊಳಕೆ ಅದು. ನೋಡೋಕೆ ಹುಳದ ಹಾಗೇ ಇರುತ್ತದೆ.

ನಿಜ ಸಂಗತಿಯನ್ನು 1890ರಲ್ಲಿ ಡಬ್ಲ್ಯು. ಡಿ. ಮಿಲ್ಲರ್ ಎಂಬ ವಿಜ್ಞಾನಿ ಬಿಡಿಸಿ ಹೇಳಿದರು. ಬಾಯಿಯಲ್ಲಿರುವ ಬ್ಯಾಕ್ಟೀರಿಯಾ ನಾವು ತಿಂದ ಸಕ್ಕರೆ, ಹಿಟ್ಟಿನ ಅಂಶವನ್ನು ತಿಂದು ಆಮ್ಲ ಬಿಡುತ್ತವೆ. ಆ ಆಮ್ಲ ಎನಾಮೆಲ್ ಕರಗಿಸುತ್ತದೆ. ಹುಣಸೆಹಣ್ಣು ಹಚ್ಚಿದರೆ ತಾಮ್ರದ ಕೊಡದ ಕಿಲುಬು ಕರಗೋದಿಲ್ಲವೇ, ಹಾಗೆ. ಜೊಲ್ಲು ಈ ಆಮ್ಲವನ್ನು ತೊಳೆದು, ಕರಗಿದ ಖನಿಜವನ್ನು ಸ್ವಲ್ಪ ಮಟ್ಟಿಗೆ ಮತ್ತೆ ತುಂಬುತ್ತದೆ. ಆದರೆ ಅದಕ್ಕೆ ಪುರುಸೊತ್ತು ಬೇಕು, ಅರ್ಧ ಗಂಟೆಯಿಂದ ಒಂದು ಗಂಟೆ.

ಆದ್ದರಿಂದ ಎಷ್ಟು ಸಿಹಿ ತಿಂದಿರಿ ಅನ್ನೋದಕ್ಕಿಂತ ಎಷ್ಟು ಸಲ ತಿಂದಿರಿ ಅನ್ನೋದು ಮುಖ್ಯ. ಊಟದ ಜೊತೆ ಒಂದು ಹೋಳಿಗೆ ತಿಂದರೆ ಬಾಯಿಗೆ ಒಂದು ದಾಳಿ. ಅಂಗಡಿಯಲ್ಲಿ ಕೂತು ದಿನಕ್ಕೆ ಎಂಟು ಸಲ ಸಕ್ಕರೆ ಚಹಾ ಕುಡಿದರೆ ಎಂಟು ದಾಳಿ. ನಮ್ಮ ಜಿಲ್ಲೆಯ ಒಣದ್ರಾಕ್ಷಿ ಬಗ್ಗೆ ಕೆಟ್ಟ ಮಾತಾಡೋಕೆ ನನಗೆ ಮನಸ್ಸಿಲ್ಲ. ಆದರೂ ಹೇಳಲೇಬೇಕು: ದವಡೆ ಹಲ್ಲಿನ ಸಂದಿಗೆ ಅದು ಅಂಟಿದರೆ ಗಂಟೆಗಟ್ಟಲೆ ಅಲ್ಲೇ ಇರುತ್ತದೆ. ತಿಂದ ಮೇಲೆ ಬಾಯಿ ಮುಕ್ಕಳಿಸಿ.

ಕೀಳೋದೊಂದೇ ದಾರಿ ಇದ್ದ ಕಾಲ

ಹಲ್ಲು ಕೊರೆಯೋದು ಹೊಸ ವಿದ್ಯೆಯಲ್ಲ. ಬಲೂಚಿಸ್ತಾನದ ಮೆಹರ್‌ಗಢದಲ್ಲಿ 7,500 ವರ್ಷಕ್ಕೂ ಹಿಂದಿನ ಒಂಬತ್ತು ಜನರ ಬಾಯಲ್ಲಿ ಕಲ್ಲಿನ ಮೊನೆಯಿಂದ ಕೊರೆದ 11 ಹಲ್ಲು ಸಿಕ್ಕಿವೆ. ಫ್ರಾನ್ಸ್‌ನ ಪಿಯರ್ ಫೋಶಾರ್ 1728ರಲ್ಲೇ ಹಲ್ಲಿನ ವೈದ್ಯದ ಬಗ್ಗೆ ದೊಡ್ಡ ಗ್ರಂಥ ಬರೆದರು. ಇಷ್ಟೆಲ್ಲ ಇದ್ದರೂ ಸಾಮಾನ್ಯ ಜನರ ಪಾಲಿಗೆ ಹಲ್ಲುನೋವಿಗೆ ಔಷಧ ಅಂದರೆ ಇಕ್ಕಳ. ಊರಿನಲ್ಲಿ ಕ್ಷೌರಿಕ, ಸಂತೆಯಲ್ಲಿ ಬಟ್ಟೆ ಹಾಸಿ ಹಲ್ಲಿನ ಸಾಲು ಜೋಡಿಸಿಟ್ಟವ, ಯಾರಾದರೂ ಒಬ್ಬರು ಕೀಳುತ್ತಿದ್ದರು.

ಕಾರಣ ಸರಳ. ಹಲ್ಲು ಉಳಿಸಬೇಕಾದರೆ ಅದರ ಮೇಲೆ ಸಮಾಧಾನದಿಂದ ಅರ್ಧ ಗಂಟೆ ಕೆಲಸ ಮಾಡಬೇಕು. ನೋವು ತಡೆಯದೆ ಯಾರು ಅರ್ಧ ಗಂಟೆ ಬಾಯಿ ತೆರೆದು ಕೂರ್ತಾರೆ? ಕೀಳೋದಾದರೆ ಎರಡು ನಿಮಿಷ, ಇಬ್ಬರು ಗಟ್ಟಿಯಾಗಿ ಹಿಡಿದುಕೊಂಡರೆ ಆಯಿತು. ಹಾಗಾಗಿ ಈ ಕಥೆಯಲ್ಲಿ ದೊಡ್ಡ ತಿರುವು ತಂದದ್ದು ಯಂತ್ರ ಅಲ್ಲ, ಮರಗಟ್ಟಿಸುವ ಇಂಜೆಕ್ಷನ್.

1844ರಲ್ಲಿ ಅಮೆರಿಕದ ಹೊರೇಸ್ ವೆಲ್ಸ್ ಎಂಬ ದಂತವೈದ್ಯ ನೈಟ್ರಸ್ ಆಕ್ಸೈಡ್ ಅನಿಲ ಸೇವಿಸಿ ತನ್ನದೇ ಹಲ್ಲು ಕೀಳಿಸಿಕೊಂಡ. ನೋವಾಗಲಿಲ್ಲ. 1884ರಲ್ಲಿ ಕೊಕೇನ್‌ನಿಂದ ಒಂದು ಭಾಗವನ್ನಷ್ಟೇ ಮರಗಟ್ಟಿಸಬಹುದು ಅಂತ ಗೊತ್ತಾಯಿತು. ಆದರೆ ಅದು ಚಟ ಹಿಡಿಸುವ ವಸ್ತು. ಅದರ ಬದಲಿಗೆ 1905ರ ಹೊತ್ತಿಗೆ ನೊವೊಕೇನ್ ಬಂತು. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಲಿಡೊಕೇನ್ ತಯಾರಿಸಿದರು. ನಮ್ಮಲ್ಲಿ ಅದನ್ನೇ ಲಿಗ್ನೊಕೇನ್ ಅಂತಾರೆ. ಇವತ್ತಿಗೂ ಹೆಚ್ಚಿನ ಕ್ಲಿನಿಕ್‌ಗಳಲ್ಲಿ ಇರೋದು ಅದೇ. ಮರಗಟ್ಟಿದ್ದು ಹೆಚ್ಚು ಹೊತ್ತು ಇರಲಿ ಅಂತ ಅದರಲ್ಲಿ ಸಾಮಾನ್ಯವಾಗಿ ಒಂಚೂರು ಅಡ್ರಿನಾಲಿನ್ ಸೇರಿಸಿರುತ್ತಾರೆ. ಬಿಪಿ, ಹೃದಯದ ತೊಂದರೆ ಇದ್ದವರು ಮೊದಲೇ ಹೇಳಿಬಿಡಿ ಅನ್ನೋದು ಇದಕ್ಕೇ.

ಹೊಲಿಗೆ ಮಷಿನ್‌ನಿಂದ ಗಾಳಿಯ ಚಕ್ರಕ್ಕೆ

ಹುಳುಕು ಕೆರೆದು ತೆಗೆಯುವ ಯಂತ್ರಕ್ಕೆ ಬರೋಣ. 1871ರಲ್ಲಿ ಜೇಮ್ಸ್ ಮಾರಿಸನ್ ಮಾಡಿದ ಯಂತ್ರವನ್ನು ಹೊಲಿಗೆ ಮಷಿನ್ ಹಾಗೆ ಕಾಲಿಂದ ತುಳಿಯಬೇಕಿತ್ತು. ನಿಮಿಷಕ್ಕೆ ಹೆಚ್ಚೆಂದರೆ ಒಂದೆರಡು ಸಾವಿರ ಸುತ್ತು. ನಿಧಾನ ತಿರುಗಿದರೆ ಜಾಸ್ತಿ ಒತ್ತಬೇಕು, ಒತ್ತಿದರೆ ಬಿಸಿ, ನಡುಕ, ನೋವು. 1957ರಲ್ಲಿ ಗಾಳಿಯ ಒತ್ತಡದಿಂದ ತಿರುಗುವ ಏರೋಟರ್ ಬಂತು. ನಿಮಿಷಕ್ಕೆ 3 ಲಕ್ಷ ಸುತ್ತು, ಜೊತೆಗೆ ತಂಪಿಗೆ ನೀರಿನ ಸಿಂಚನ. ಆ ‘ಕುಂಯ್’ ಅನ್ನೋ ಸದ್ದು ಕೇಳಿದರೆ ಈಗಲೂ ನನ್ನ ಅಂಗೈ ಬೆವರುತ್ತದೆ. ಆದರೆ ಕೆಲಸ ಹಗುರಾಗಿದ್ದು ಅದರಿಂದಲೇ.

ನಮ್ಮ ಡಾಕ್ಟರು ಶುರು ಮಾಡಿದಾಗ ಅವರ ಹತ್ತಿರ ಎರಡೂ ಇದ್ದವು. ಏರೋಟರ್‌ಗೆ ಕಂಪ್ರೆಸರ್ ಬೇಕು, ಕಂಪ್ರೆಸರ್‌ಗೆ ಕರೆಂಟ್ ಬೇಕು. ಬೇಸಿಗೆಯಲ್ಲಿ ಕರೆಂಟ್ ಹೋದರೆ ರೋಗಿ ಅರ್ಧ ಕೊರೆದ ಹಲ್ಲಿನ ಜೊತೆ ಬೆಂಚಿನ ಮೇಲೆ ಕಾಯುತ್ತಿದ್ದ. ಕಾಲಲ್ಲಿ ತುಳಿಯುವ ಯಂತ್ರವನ್ನು ಅವರು ಮೂಲೆಗೆ ಸರಿಸದೆ ಬಹಳ ವರ್ಷ ಇಟ್ಟುಕೊಂಡದ್ದು ಇದಕ್ಕೆ.

ತುಂಬುವ ವಸ್ತುವೂ ಬದಲಾಯಿತು. ಹಳಬರ ಬಾಯಲ್ಲಿ ಕಾಣುವ ಬೆಳ್ಳಿ ಬಣ್ಣದ ಫಿಲ್ಲಿಂಗ್ ಅಮಾಲ್ಗಮ್. ಬೆಳ್ಳಿ, ತವರ, ತಾಮ್ರದ ಪುಡಿಗೆ ಹೆಚ್ಚುಕಡಿಮೆ ಅಷ್ಟೇ ತೂಕದ ಪಾದರಸ ಕಲೆಸಿದ್ದು. ಗಟ್ಟಿ, ಅಗ್ಗ. ಆದರೆ ಅದು ಹಲ್ಲಿಗೆ ಅಂಟೋದಿಲ್ಲ. ಬಡಗಿ ಕಟ್ಟಿಗೆಗೆ ಕಚ್ಚು ಹಾಕಿ ಕೂಡಿಸುವಂತೆ, ಅದು ಜಾರದಿರಲಿ ಅಂತ ಚೆನ್ನಾಗಿದ್ದ ಹಲ್ಲನ್ನೂ ಒಂದಿಷ್ಟು ಕೊರೆಯಬೇಕಿತ್ತು.

1955ರಲ್ಲಿ ಮೈಕೆಲ್ ಬ್ಯೂನೊಕೋರ್ ಒಂದು ಉಪಾಯ ಕಂಡುಕೊಂಡರು. ಬಣ್ಣ ಚೆನ್ನಾಗಿ ಹಿಡಿಯಲಿ ಅಂತ ಲೋಹಕ್ಕೆ ಮೊದಲು ಫಾಸ್ಫಾರಿಕ್ ಆಮ್ಲ ಹಚ್ಚುವುದು ಕಾರ್ಖಾನೆಗಳಲ್ಲಿ ರೂಢಿ. ಅದನ್ನೇ ಹಲ್ಲಿಗೆ ಮಾಡಿದರೆ? ಗಿಲಾವ್ ಮಾಡುವ ಮುಂಚೆ ಗೌಂಡಿ ನುಣ್ಣಗಿನ ಗೋಡೆಗೆ ಕಚ್ಚು ಹೊಡೆಯುತ್ತಾನಲ್ಲ, ಆಮ್ಲವೂ ಎನಾಮೆಲ್ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕಚ್ಚು ಹಾಕುತ್ತದೆ. ಅದರೊಳಗೆ ರಾಳ ಇಳಿದು ಹಿಡಿದುಕೊಳ್ಳುತ್ತದೆ. ಈಗ ಹಲ್ಲಿನದೇ ಬಣ್ಣದ ಕಾಂಪೋಸಿಟ್ ತುಂಬಿ, ನೀಲಿ ಬೆಳಕು ಹಿಡಿದು ಕೆಲವೇ ಸೆಕೆಂಡಿನಲ್ಲಿ ಗಟ್ಟಿ ಮಾಡುವುದು ಈ ಉಪಾಯದ ಮೇಲೆಯೇ. ಹುಳುಕು ಇದ್ದಷ್ಟನ್ನು ಮಾತ್ರ ಕೆರೆದರೆ ಸಾಕು.

ಆರ್‌ಸಿಟಿ ಅಂದರೆ ಏನು?

ಚೀಟಿಯ ಎರಡನೇ ಶಬ್ದಕ್ಕೆ ಬಂದೆವು. ರೂಟ್ ಕೆನಾಲ್ ಟ್ರೀಟ್‌ಮೆಂಟ್, ಅಂದರೆ ಬೇರಿನ ನಾಳದ ಚಿಕಿತ್ಸೆ.

ಹುಳುಕು ಒಳಗಿನ ತಿರುಳಿಗೆ ಮುಟ್ಟಿತು ಅಂದುಕೊಳ್ಳಿ. ಕಾಲು ಉಳುಕಿದರೆ ಬಾತುಕೊಳ್ಳುತ್ತದೆ, ಬಾಯೋಕೆ ಜಾಗ ಇರುತ್ತದೆ. ಹಲ್ಲಿನ ತಿರುಳು ಬಾತರೆ ಎಲ್ಲಿಗೆ ಹೋಗಬೇಕು? ಸುತ್ತಲೂ ಗಟ್ಟಿ ಗೋಡೆ. ಒತ್ತಡವೆಲ್ಲ ನರದ ಮೇಲೇ ಬೀಳುತ್ತದೆ. ರಾತ್ರಿ ಮಲಗಿದರೆ ತಲೆಯ ಕಡೆ ರಕ್ತದ ಒತ್ತಡ ಸ್ವಲ್ಪ ಏರಿ, ನೋವು ಎದೆಬಡಿತದ ತಾಳಕ್ಕೆ ಕುಟ್ಟುತ್ತದೆ. ಹಲ್ಲಬ್ಯಾನಿ ರಾತ್ರಿಯೇ ಯಾಕೆ ಜಾಸ್ತಿ ಅನ್ನೋದಕ್ಕೆ ಉತ್ತರ ಇದು.

ಕೆಲವು ದಿನ ಬಿಟ್ಟು ನೋವು ತಾನೇ ನಿಲ್ಲುತ್ತದೆ. ಜನ ಮೋಸ ಹೋಗೋದು ಇಲ್ಲೇ. ನೋವು ನಿಂತದ್ದು ವಾಸಿಯಾಗಿ ಅಲ್ಲ, ನರ ಸತ್ತು. ಸತ್ತ ತಿರುಳಿನಲ್ಲಿ ಬ್ಯಾಕ್ಟೀರಿಯಾ ಬೆಳೆದು ಬೇರಿನ ತುದಿಯಿಂದ ಎಲುಬಿಗೆ ಇಳಿಯುತ್ತವೆ. ಕೆಲವು ತಿಂಗಳಿಗೋ ವರ್ಷಕ್ಕೋ ಗಲ್ಲ ಬಾತುಕೊಂಡು ಏಳ್ತೀವಿ. ಔಷಧ ಅಂಗಡಿಯಿಂದ ಆಂಟಿಬಯೋಟಿಕ್ ತಂದು ನುಂಗಿದರೆ ಬಾವು ಇಳಿಯಬಹುದು, ಆದರೆ ಮೂಲ ಹೋಗೋದಿಲ್ಲ. ಗುಳಿಗೆ ತಲುಪೋದು ರಕ್ತದ ಮೂಲಕ. ಸತ್ತ ಹಲ್ಲಿನೊಳಗೆ ರಕ್ತವೇ ಹರಿಯೋದಿಲ್ಲ.

ಹಾಗಾಗಿ ಒಳಹೊಕ್ಕು ತೊಳೆಯಬೇಕು. ಮರಗಟ್ಟಿಸಿ, ಹಲ್ಲಿನ ನೆತ್ತಿಯಲ್ಲಿ ಬಾಗಿಲು ತೆರೆದು, ನಾಳದ ಬಾಯಿ ಹುಡುಕುತ್ತಾರೆ. 46ರಲ್ಲಿ ಸಾಮಾನ್ಯವಾಗಿ ಮೂರು ನಾಳ, ಕೆಲವರಲ್ಲಿ ನಾಲ್ಕು. ಡಾಕ್ಟರು ತಮ್ಮ ಟ್ರೇಯಿಂದ ಒಂದು ಫೈಲ್ ತೆಗೆದು ನನ್ನ ಅಂಗೈ ಮೇಲೆ ಇಟ್ಟರು. ಬಣ್ಣದ ಹಿಡಿ, ಅದಕ್ಕೆ ಕೂದಲಿನಂಥ ತಂತಿ, ತಂತಿಗೆ ತಿರುಪಿನ ಅಂಚು. ಹಿಡಿಯ ಮೇಲೆ 10 ಅಂತ ಇತ್ತು. "ಹತ್ತು ಅಂದ್ರ ತುದಿ 0.10 ಮಿಲಿಮೀಟರ್ ದಪ್ಪ" ಅಂದರು. ಆಮೇಲೆ 15, 20, 25, ಹೀಗೆ ಒಂದೊಂದೇ ದಪ್ಪ ಹೆಚ್ಚಿಸುತ್ತ ನಾಳದ ಗೋಡೆ ಕೆರೆಯುತ್ತ ಹೋಗಬೇಕು. ನಡುನಡುವೆ ಸೋಡಿಯಂ ಹೈಪೋಕ್ಲೋರೈಟ್‌ನಿಂದ ತೊಳೆಯುತ್ತಾರೆ. ಬಟ್ಟೆ ಬೆಳ್ಳಗೆ ಮಾಡೋಕೆ ಬಳಸುವ ಬ್ಲೀಚ್ ಇದೆಯಲ್ಲ, ಅದೇ ರಾಸಾಯನಿಕ.

ತೊಳೆದ ನಾಳವನ್ನು ಖಾಲಿ ಬಿಡುವಂತಿಲ್ಲ, ಮತ್ತೆ ಬ್ಯಾಕ್ಟೀರಿಯಾ ಬಂದು ಕೂರುತ್ತವೆ. ಗಟ್ಟಾ ಪರ್ಚಾ ಎಂಬ ರಬ್ಬರಿನಂಥ ವಸ್ತು ತುಂಬುತ್ತಾರೆ. ಮಲಯಾ ಕಡೆಯ ಒಂದು ಮರದ ಹಾಲಿನಿಂದ ಬರುವಂಥದ್ದು. 19ನೇ ಶತಮಾನದಲ್ಲಿ ಸಮುದ್ರದ ತಳದಲ್ಲಿ ಹಾಕಿದ ಟೆಲಿಗ್ರಾಫ್ ತಂತಿಗಳಿಗೆ ಹೊದಿಸಿದ್ದೂ ಇದೇ ವಸ್ತು. ನೀರು ಒಳಗೆ ಬಿಡೋದಿಲ್ಲ ಅನ್ನೋ ಗುಣ ಅಲ್ಲೂ ಬೇಕಿತ್ತು, ಇಲ್ಲೂ ಬೇಕು.

ಮೊದಲೆಲ್ಲ ಇದಕ್ಕೆ ನಾಲ್ಕೈದು ಸಲ ಬರಬೇಕಿತ್ತು. ನಾಳದ ಉದ್ದ ಗೊತ್ತಾಗೋಕೆ ಎಕ್ಸ್‌ರೇ ತೆಗೆದು, ಫಿಲ್ಮನ್ನು ಕತ್ತಲಲ್ಲಿ ದ್ರಾವಣದಲ್ಲಿ ಅದ್ದಿ, ಒಣಗಿಸಿ ನೋಡಬೇಕು. ಅದೂ ದೊಡ್ಡ ಪ್ರಗತಿಯೇ. ರಾಂಟ್‌ಜೆನ್ 1895ರ ನವೆಂಬರಿನಲ್ಲಿ ಎಕ್ಸ್‌ರೇ ಕಂಡುಹಿಡಿದ ಕೆಲವೇ ವಾರಗಳಲ್ಲಿ ಜರ್ಮನಿಯ ಒಟ್ಟೊ ವಾಲ್ಕಾಫ್ ತನ್ನ ಹಲ್ಲಿನ ಚಿತ್ರ ತೆಗೆದಾಗ 25 ನಿಮಿಷ ಅಲುಗದೆ ಕೂತಿದ್ದ. ಈಗ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ‘ಆರ್‌ವಿಜಿ’ ಅಂತ ಚೀಟಿಯಲ್ಲಿ ಇದ್ದರೆ ಅದು ಸೀದಾ ಕಂಪ್ಯೂಟರ್ ಪರದೆ ಮೇಲೆ ಬರುವ ಹಲ್ಲಿನ ಎಕ್ಸ್‌ರೇ. ಫೈಲ್ ತಿರುಗಿಸೋಕೆ ಮೋಟರ್ ಬಂದಿದೆ. ಎಷ್ಟೋ ಹಲ್ಲಿಗೆ ಒಂದೇ ಸಲ ಕೂತರೆ ಸಾಕಾಗುತ್ತದೆ. ಕೀವು ಜಾಸ್ತಿ ಇದ್ದರೆ ಮಾತ್ರ ಎರಡು ಮೂರು ಸಲ.

ಪಿಎಫ್‌ಎಂ, ಅಂದರೆ ಟೋಪಿ

ನರ ತೆಗೆದ ಹಲ್ಲು ಒಳಗಿಂದ ಟೊಳ್ಳು. ಗೋಡೆ ತೆಳು. ಕಟಕ ರೊಟ್ಟಿ, ಹುರಿದ ಶೇಂಗಾ ಕಡಿದರೆ ಸೀಳಬಹುದು. ಅದಕ್ಕೇ ಕ್ಯಾಪ್. ಪಿಎಫ್‌ಎಂ ಅಂದರೆ ಒಳಗೆ ಲೋಹ, ಮೇಲೆ ಪಿಂಗಾಣಿ ಕೂಡಿಸಿದ ಕ್ಯಾಪ್. ಝಿರ್ಕೋನಿಯಾ ಅಂತ ಬರೆದಿದ್ದರೆ ಲೋಹ ಇಲ್ಲದ, ಬಿಳಿಯ ಗಟ್ಟಿ ವಸ್ತುವಿನದು. ಬೆಲೆ ಹೆಚ್ಚು.

ಕ್ಯಾಪ್‌ಗೆ ಅಳತೆ ಬೇಕು. ತಟ್ಟೆಯಲ್ಲಿ ಗುಲಾಬಿ ಬಣ್ಣದ ಹಿಟ್ಟು ಕಲೆಸಿ ಬಾಯಿಗೆ ಒತ್ತಿದ ನೆನಪು ಹಲವರಿಗೆ ಇರಬಹುದು. ಆ ಹಿಟ್ಟು ಆಲ್ಜಿನೇಟ್, ಸಮುದ್ರದ ಪಾಚಿಯಿಂದ ಬರುವಂಥದ್ದು. ಆ ಅಚ್ಚಿನಿಂದ ಮಾಡಿದ ಪಡಿಯಚ್ಚನ್ನು ನಮ್ಮ ಡಾಕ್ಟರು ಹತ್ತಿಯಲ್ಲಿ ಸುತ್ತಿ, ಸಿಹಿ ಡಬ್ಬಿಯಲ್ಲಿ ಇಟ್ಟು ಸೊಲ್ಲಾಪುರದ ಬಸ್ಸಿಗೆ ಹಾಕುತ್ತಿದ್ದರಂತೆ. ವಾರದ ಮೇಲೆ ಕ್ಯಾಪ್ ಅದೇ ಡಬ್ಬಿಯಲ್ಲಿ ವಾಪಸ್. ಈಗ ಅವರ ಮಗಳು ಪೆನ್ನಿನಂಥ ಸ್ಕ್ಯಾನರನ್ನು ಬಾಯಲ್ಲಿ ಆಡಿಸಿ ಚಿತ್ರವನ್ನು ಲ್ಯಾಬ್‌ಗೆ ಕಳಿಸುತ್ತಾರೆ. ಅಲ್ಲಿ ಯಂತ್ರವೇ ಕ್ಯಾಪ್ ಕಡೆಯುತ್ತದೆ.

ಇಂಪ್ಲಾಂಟ್ ಬಗ್ಗೆಯೂ ಒಂದು ಮಾತು. ಹೋದ ಹಲ್ಲಿನ ಜಾಗದಲ್ಲಿ ಎಲುಬಿಗೆ ಟೈಟೇನಿಯಂ ತಿರುಪು ಕೂಡಿಸಿ, ಅದರ ಮೇಲೆ ಹಲ್ಲು ಕಟ್ಟೋದು ಇದು. ಟೈಟೇನಿಯಂಗೆ ಎಲುಬು ಬೆಸೆದುಕೊಳ್ಳುತ್ತದೆ ಅಂತ ಕಂಡವರು ಸ್ವೀಡನ್ನಿನ ಬ್ರೋನೆಮಾರ್ಕ್. ಮೊದಲ ರೋಗಿಗೆ ಹಾಕಿದ್ದು 1965ರಲ್ಲಿ. ಎಲುಬು ಬೆಸೆಯೋಕೆ ಸಾಮಾನ್ಯವಾಗಿ ಕೆಲವು ತಿಂಗಳು ಬೇಕು.

ಕುದಿಸಿದರೆ ಸಾಲದು, ಕುಕ್ಕರ್ ಬೇಕು

ಕಣ್ಣಿಗೆ ಬೀಳದ ಬದಲಾವಣೆ ಇನ್ನೊಂದಿದೆ. ಹಿಂದೆ ಗಾಜಿನ ಸಿರಿಂಜ್, ಸೂಜಿ, ಇಕ್ಕಳ ಎಲ್ಲ ನೀರಲ್ಲಿ ಕುದಿಸಿ ಬಳಸುತ್ತಿದ್ದರು. ಬರಿಗೈಯಲ್ಲೇ ಬಾಯಿ ಮುಟ್ಟುತ್ತಿದ್ದರು. 1986ರಲ್ಲಿ ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾಯಿತು. ಆಮೇಲೆ ನಿಧಾನಕ್ಕೆ ಗ್ಲೌಸ್, ಒಮ್ಮೆ ಬಳಸಿ ಎಸೆಯುವ ಸೂಜಿ, ಆಟೋಕ್ಲೇವ್ ರೂಢಿಗೆ ಬಂದವು. ಆಟೋಕ್ಲೇವ್ ಅಂದರೆ ದೊಡ್ಡ ಪ್ರೆಷರ್ ಕುಕ್ಕರ್. ಕುದಿಯುವ ನೀರು 100 ಡಿಗ್ರಿ ದಾಟೋದಿಲ್ಲ, ಕೆಲವು ಬ್ಯಾಕ್ಟೀರಿಯಾದ ಬೀಜಕಣ ಆ ಬಿಸಿಗೆ ಸಾಯೋದಿಲ್ಲ. ಒತ್ತಡದ ಹಬೆ 121 ಡಿಗ್ರಿಗೆ ಏರಿ 15 ನಿಮಿಷ ನಿಂತರೆ ಅವೂ ಸಾಯುತ್ತವೆ. ಕ್ಲಿನಿಕ್‌ಗೆ ಹೋದಾಗ "ಆಟೋಕ್ಲೇವ್ ಮಾಡೀರೇನ್ರಿ?" ಅಂತ ಕೇಳೋಕೆ ಸಂಕೋಚ ಬೇಡ. ಮಾಡಿದವರು ಖುಷಿಯಿಂದಲೇ ತೋರಿಸ್ತಾರೆ.

ನಮ್ಮ ನೀರು, ನಮ್ಮ ತಂಬಾಕು

ವಿಜಯಪುರ, ಬಾಗಲಕೋಟೆ ಕಡೆಯ ಡಾಕ್ಟರು ಜಾಸ್ತಿ ನೋಡುವ ಕೆಲವು ಸಂಗತಿ ಇವೆ. ಒಂದು, ಹಲ್ಲಿನ ಮೇಲಿನ ಕಂದು ಗೆರೆ. ನಮ್ಮ ಹಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಲೀಟರಿಗೆ 1 ಮಿಲಿಗ್ರಾಂವರೆಗೆ ಇದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಪರವಾಗಿಲ್ಲ ಅನ್ನೋದು ಭಾರತೀಯ ಮಾನದಂಡ. ಅದಕ್ಕಿಂತ ಹೆಚ್ಚಿನ ಫ್ಲೋರೈಡ್ ಇರುವ ನೀರನ್ನು ಎಂಟು ವರ್ಷದೊಳಗಿನ ಮಕ್ಕಳು ಕುಡಿದರೆ, ದವಡೆಯೊಳಗೆ ಇನ್ನೂ ತಯಾರಾಗುತ್ತಿರುವ ಹಲ್ಲಿನ ಎನಾಮೆಲ್ ಸರಿಯಾಗಿ ಕೂಡೋದಿಲ್ಲ. ಎಷ್ಟು ಉಜ್ಜಿದರೂ ಆ ಕಲೆ ಹೋಗೋದಿಲ್ಲ, ಅದು ಕೊಳೆ ಅಲ್ಲ. ನೀರು ಕುದಿಸಿದರೂ ಫ್ಲೋರೈಡ್ ಹೋಗೋದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಗಟ್ಟಿಯಾಗುತ್ತದೆ. ಆರ್‌ಒ ಘಟಕದ ನೀರು, ಇಲ್ಲವೇ ನದಿ ನೀರು ಇದಕ್ಕೆ ದಾರಿ. ಪೇಸ್ಟಿನಲ್ಲೂ ಫ್ಲೋರೈಡ್ ಇದೆಯಲ್ಲ ಅಂತ ಕೇಳಬಹುದು. ಅದು ಮೇಲೆ ಹಚ್ಚಿ ಉಗುಳೋದು, ಹೊಟ್ಟೆಗಲ್ಲ. ಚಿಕ್ಕ ಮಕ್ಕಳಿಗೆ ಅಕ್ಕಿಕಾಳಿನಷ್ಟೇ ಪೇಸ್ಟ್ ಸಾಕು.

ಎರಡು, ಹಲ್ಲಿನ ಪಾಚಿ. ಸವಳು ನೀರು ಕಾಸಿದ ಹಂಡೆಯ ತಳದಲ್ಲಿ ಬಿಳಿ ಪದರ ಕೂರುತ್ತದಲ್ಲ, ಜೊಲ್ಲಿನ ಖನಿಜದಿಂದ ಹಲ್ಲಿನ ಮೇಲೂ ಹಾಗೇ ಗಟ್ಟಿ ಪಾಚಿ ಕೂರುತ್ತದೆ. ಬ್ರಷ್‌ಗೆ ಅದು ಜಗ್ಗೋದಿಲ್ಲ. "ಕ್ಲೀನ್ ಮಾಡಿಸಿದ್ರ ಹಲ್ಲು ಅಳ್ಳಾಡ್ತಾವ" ಅಂತ ಹೆದರುವವರು ಬಹಳ. ಹಲ್ಲು ಅಳ್ಳಾಡಿಸಿದ್ದು ಕ್ಲೀನಿಂಗ್ ಅಲ್ಲ. ಪಾಚಿಯಿಂದ ಒಸಡು ಊದಿ, ಎಲುಬು ಸವೆದು, ಹಲ್ಲು ಆಗಲೇ ಸಡಿಲ ಆಗಿರುತ್ತದೆ. ಪಾಚಿಯೇ ಅದನ್ನು ಅಂಟಿಸಿ ಹಿಡಿದಿರುತ್ತದೆ, ತೆಗೆದಾಗ ನಿಜಸ್ಥಿತಿ ಗೊತ್ತಾಗುತ್ತದೆ ಅಷ್ಟೇ.

ಮೂರು, ತಂಬಾಕು ಮತ್ತು ಅಡಿಕೆ. ಪಕ್ಕದ ಬೆಳಗಾವಿ ಜಿಲ್ಲೆಯ ನಿಪ್ಪಾಣಿ ತಂಬಾಕಿನ ಪ್ರದೇಶ. ರಾಜ್ಯದಲ್ಲಿ 2013ರಲ್ಲೇ ಗುಟ್ಖಾ ನಿಷೇಧ ಆಗಿದ್ದರೂ ಬೇರೆ ಬೇರೆ ಪೊಟ್ಟಣದ ಚಟ ಹೋಗಿಲ್ಲ. ಅಡಿಕೆ ಹೆಚ್ಚು ಅಗಿಯುವವರ ಗಲ್ಲದ ಒಳಪದರ ಬರಬರುತ್ತ ಬಿಗಿದು ಬಾಯಿ ತೆರೆಯೋದೇ ಕಷ್ಟ ಆಗುತ್ತದೆ. ಖಾರ ತಾಗಿದರೆ ಉರಿ. ಕ್ಯಾನ್ಸರ್‌ಗೆ ತಿರುಗುವ ಅಪಾಯವೂ ಉಂಟು. ಮನೆಯಲ್ಲೇ ಒಮ್ಮೆ ನೋಡಿಕೊಳ್ಳಿ: ನಿಮ್ಮ ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಿಡಿಸಬೇಕು. ಹಿಡಿಸದಿದ್ದರೆ, ಇಲ್ಲವೇ ಬಾಯಲ್ಲಿ ಎರಡು ವಾರಕ್ಕೂ ಮಾಯದ ಹುಣ್ಣು ಇದ್ದರೆ, ಡಾಕ್ಟರಿಗೆ ತೋರಿಸಿ.

ಡಾಕ್ಟರ್ ಯಾರು ಅನ್ನೋದೂ ಬದಲಾಯಿತು

1948ರ ದಂತವೈದ್ಯರ ಕಾಯ್ದೆ ಬರುವ ತನಕ ದೇಶದ ಹೆಚ್ಚಿನ ಕಡೆ ಯಾರು ಬೇಕಾದರೂ ಹಲ್ಲು ಕೀಳಬಹುದಿತ್ತು. ಕಾಯ್ದೆ ಬಂದಾಗ ಎರಡು ಪಟ್ಟಿ ಮಾಡಿದರು. ಓದಿ ಪಾಸಾದವರು ‘ಎ’ ಭಾಗದಲ್ಲಿ. ಪದವಿ ಇಲ್ಲದಿದ್ದರೂ ಐದು ವರ್ಷಕ್ಕೆ ಕಡಿಮೆಯಿಲ್ಲದಂತೆ ಇದೇ ಕಸುಬಿನಿಂದ ಬದುಕಿದವರು ‘ಬಿ’ ಭಾಗದಲ್ಲಿ. ಅಜ್ಜಂದಿರು ಹೇಳುವ ‘ಡಿಗ್ರಿ ಇಲ್ಲದ ಹಲ್ಲಿನ ಡಾಕ್ಟರ್’ಗಳಲ್ಲಿ ಕೆಲವರು ಕಾನೂನಿನ ಪ್ರಕಾರವೇ ಇದ್ದರು. 2023ರಲ್ಲಿ ಹಳೆಯ ಕಾಯ್ದೆಯ ಬದಲಿಗೆ ರಾಷ್ಟ್ರೀಯ ದಂತ ಆಯೋಗದ ಕಾಯ್ದೆಗೆ ಸಂಸತ್ತು ಒಪ್ಪಿಗೆ ಕೊಟ್ಟಿತು.

ಈಗಿನ ದಾರಿ ಹೀಗಿದೆ. ಪಿಯುಸಿ ವಿಜ್ಞಾನ, ನೀಟ್ ಪರೀಕ್ಷೆ, ಇಂಟರ್ನ್‌ಶಿಪ್ ಸೇರಿ ಐದು ವರ್ಷದ ಬಿಡಿಎಸ್, ರಾಜ್ಯದ ದಂತ ಪರಿಷತ್ತಿನಲ್ಲಿ ನೋಂದಣಿ. ಬೇಕಿದ್ದವರಿಗೆ ಇನ್ನೂ ಮೂರು ವರ್ಷದ ಎಂಡಿಎಸ್. ನಮ್ಮ ಡಾಕ್ಟರು ಕಲಿಯುವ ಕಾಲಕ್ಕೆ ದಂತ ಕಾಲೇಜು ಅಂದರೆ ದೂರದ ಊರಿನ ಕಡೆ ಮುಖ ಮಾಡಬೇಕಿತ್ತು. ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ದಂತ ಕಾಲೇಜು ಶುರುವಾದದ್ದು 1985ರಲ್ಲಿ. ಈಗ ಬೆಳಗಾವಿಯಲ್ಲೇ ಮರಾಠಾ ಮಂಡಳದ್ದೂ ಇದೆ, ಬಾಗಲಕೋಟೆಯಲ್ಲಿ ಬಿವಿವಿ ಸಂಘದ ಪಿಎಂಎನ್‌ಎಂ, ವಿಜಯಪುರದಲ್ಲಿ ಅಲ್ ಅಮೀನ್. ಈ ಕಾಲೇಜುಗಳ ಹೊರರೋಗಿ ವಿಭಾಗದಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣೆದುರೇ ಚಿಕಿತ್ಸೆ ಮಾಡ್ತಾರೆ. ಹೊತ್ತು ಜಾಸ್ತಿ ಹಿಡಿಯುತ್ತದೆ, ಖರ್ಚು ಕಡಿಮೆ. ಹಲ್ಲು ಕಳೆದುಕೊಂಡ ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತ ಹಲ್ಲು ಸೆಟ್ ಕೊಡುವ ‘ದಂತಭಾಗ್ಯ’ ಯೋಜನೆ ಜಾರಿಯಾದದ್ದೂ ದಂತ ಕಾಲೇಜುಗಳ ಮೂಲಕ.

ಕೀಳಲೇಬೇಕಾದಾಗ

ಎಲ್ಲ ಹಲ್ಲೂ ಉಳಿಯೋದಿಲ್ಲ. ಬೇರಿನ ತನಕ ಸೀಳಿದ್ದು, ಒಸಡಿನ ಎಲುಬು ಪೂರಾ ಹೋಗಿ ತೂಗಾಡುವುದು, ಅಡ್ಡಡ್ಡ ಬಂದು ಪಕ್ಕದ ಹಲ್ಲಿಗೆ ಒತ್ತುವ ಬುದ್ಧಿಹಲ್ಲು, ಇವನ್ನು ತೆಗೆಯಬೇಕಾಗುತ್ತದೆ. ಆದರೆ ಉಳಿಸಬಹುದಾದ ದವಡೆ ಹಲ್ಲು ಕಿತ್ತರೆ ಅಲ್ಲಿಗೇ ಮುಗಿಯೋದಿಲ್ಲ. ಚೀಲದಿಂದ ಒಂದು ಪುಸ್ತಕ ತೆಗೆದರೆ ಉಳಿದವು ವಾಲುತ್ತವೆ. ಹಾಗೇ ಪಕ್ಕದ ಹಲ್ಲು ಖಾಲಿ ಜಾಗಕ್ಕೆ ವಾಲುತ್ತದೆ, ಎದುರಿನದು ಇಳಿಯುತ್ತದೆ, ಸಂದಿಯಲ್ಲಿ ಅನ್ನ ಸಿಕ್ಕಿ ಅವೂ ಹುಳುಕುತ್ತವೆ. "ಕಿತ್ತ ಒಗದ್ರ ಮುಗೀತಲ್ಲ" ಅನ್ನುವ ಮಾತಿಗೆ ಡಾಕ್ಟರು ಕೊಟ್ಟ ಉತ್ತರ ಇದು.

ಕಾಕಾನ 46ಕ್ಕೆ ಎರಡು ಸಲ ಕೂತು ಆರ್‌ಸಿಟಿ ಆಯಿತು. ಕ್ಯಾಪ್ ಮುಂದಿನ ಸೋಮವಾರ. ಮೊನ್ನೆ ವಾಪಸ್ ಬರುವಾಗ ಡಾಕ್ಟರ ಮಗಳು ಇನ್ನೊಂದು ಚೀಟಿ ಕೊಟ್ಟಿದ್ದರು. ಕಾಕಾ ಅದನ್ನು ನನ್ನ ಕೈಗೆ ಕೊಡಲಿಲ್ಲ, ಕಟ್ಟೆ ಮೇಲೆ ಕೂತು ತಾವೇ ಬಿಡಿಸಿದರು. "38. ಮೂರು ಅಂದ್ರ ಕೆಳಗ ಎಡಕ್ಕ. ಎಂಟು ಅಂದ್ರ ಕಡೀ ಮನಿ, ಬುದ್ಧಿಹಲ್ಲು." ಸ್ವಲ್ಪ ಹೊತ್ತು ಸುಮ್ನೆ ಕೂತರು. "ಇದನ್ನ ಮಾತ್ರ ಕೀಳ್ತಾರಂತ. ಅರವತ್ತೆಂಟು ವರ್ಷ ಇಟ್ಕೊಂಡರೂ ಉಪಯೋಗ ಆಗಿಲ್ಲ ಅಂತ ಅವ್ರಿಗೆ ಹೆಂಗ ಗೊತ್ತಾತೋ?"